ಜೇಮ್ಸ್‌ಟೌನ್ ನೋಡುವುದೋ, ಪ್ಲಿಮತ್ ನೋಡುವುದೋ?

ಅಮೆರಿಕದ ಮಗಳ ಮನೆಗೆ ಹೊರಟಿದ್ದೀರಿ. ಮೊದಲ ಇಂಗ್ಲಿಷ್ ವಲಸಿಗರ ಎರಡು ಊರುಗಳಲ್ಲಿ ಒಂದಕ್ಕಷ್ಟೇ ಬಿಡುವಿದೆ ಎಂದಿದ್ದೀರಿ.

ದಾರಿಯ ಮಾತು ಸುಲಭ. ಮಗಳು ಬಾಸ್ಟನ್ ಕಡೆಯಿದ್ದರೆ ಪ್ಲಿಮತ್ ಹೆಚ್ಚುಕಡಿಮೆ ಒಂದು ಗಂಟೆಯ ಪ್ರಯಾಣ. ವಾಷಿಂಗ್ಟನ್ ಕಡೆಯಿದ್ದರೆ ವರ್ಜೀನಿಯಾದ ಜೇಮ್ಸ್‌ಟೌನ್. ಆದರೆ ಒಂದು ರಾತ್ರಿ ತಂಗುವುದು ಒಳ್ಳೆಯದು.

ನಿಜವಾದ ಕುರುಹು ಬೇಕೆನ್ನುವವರಿಗೆ ಜೇಮ್ಸ್‌ಟೌನೇ ಸರಿ. 1607ರ ಕೋಟೆ ನದಿಯ ಪಾಲಾಯಿತೆಂದು ಬಹುಕಾಲ ನಂಬಿದ್ದರು. 1994ರಲ್ಲಿ ಶುರುವಾದ ಉತ್ಖನನದಲ್ಲಿ ಕೋಟೆಯ ಕಂಬ ನೆಟ್ಟಿದ್ದ ಕಡೆ ಮಣ್ಣಿನ ಬಣ್ಣ ಬದಲಾಗಿದ್ದು ಕಂಡು, ಕೋಟೆಯ ಜಾಗ ಉಳಿದಿದೆಯೆಂದು ಗೊತ್ತಾಯಿತು. 1609-10ರ ಬರಗಾಲದಲ್ಲಿ ಸತ್ತ, ಸುಮಾರು ಹದಿನಾಲ್ಕರ ಹುಡುಗಿಯ ತಲೆಬುರುಡೆಯೂ ಅಲ್ಲಿ ಸಿಕ್ಕಿದೆ. ಅದರ ಮೇಲಿನ ಕತ್ತರಿಸಿದ ಗುರುತುಗಳು ಉಳಿದವರು ಅವಳ ಮಾಂಸ ತಿಂದದ್ದನ್ನು ಹೇಳುತ್ತವೆ. ಪುಟ್ಟ ಮೊಮ್ಮಕ್ಕಳಿದ್ದರೆ ಯೋಚಿಸಿ.

ವಲಸಿಗರು ಮೊದಲು ಕಾಲಿಟ್ಟರೆನ್ನುವ ಪ್ಲಿಮತ್ತಿನ ಪ್ರಸಿದ್ಧ ಬಂಡೆ, 1620 ಎಂದು ಕೆತ್ತಿದ ಒಂದು ಕಲ್ಲು, ಅಷ್ಟೇ. ಮಕ್ಕಳಿಗೆ ಹಿಡಿಸುವುದು ಆ ವಲಸಿಗರನ್ನು ಹೊತ್ತು ತಂದ ಮೇಫ್ಲವರ್ ಹಡಗಿನ ಪ್ರತಿರೂಪ. ಮೂಲ ಹಡಗಿನಲ್ಲಿ ಬಂದ 102 ಪ್ರಯಾಣಿಕರಲ್ಲಿ ಅರ್ಧದಷ್ಟು ಮಂದಿ ಮೊದಲ ಚಳಿಗಾಲ ದಾಟಲಿಲ್ಲ.

ಧರ್ಮದ ಕಾರಣಕ್ಕೆ ಊರು ಬಿಟ್ಟವರ ಕಥೆ ಪ್ಲಿಮತ್ತಿನದು. ತಂಬಾಕು, ಲಾಭ, ಗುಲಾಮಗಿರಿಯ ಬೇರು ಹುಡುಕುವವರಿಗೆ ಜೇಮ್ಸ್‌ಟೌನ್. ಪ್ರಯಾಣ ಜನವರಿಯಲ್ಲಾದರೆ ಪ್ಲಿಮತ್ತಿನ ಮರುನಿರ್ಮಿತ ಹಳ್ಳಿ ಬಾಗಿಲು ಹಾಕಿರುತ್ತದೆ.