ಫ್ಯಾಟಿ ಲಿವರ್ ಮತ್ತು ಗ್ರೋತ್ ಹಾರ್ಮೋನ್ ಪೆನ್: ಕೊಟ್ಟ ದುಡ್ಡಿಗೆ ಸಿಕ್ಕಿದ್ದೆಂತ?

ತೀರ್ಪು ಮೊದಲೇ ಹೇಳಿಬಿಡ್ತೇನೆ, ಪೂರ್ತಿ ಓದಲಿಕ್ಕೆ ಪುರುಸೊತ್ತಿಲ್ಲದವರಿಗೆ ಅಷ್ಟೇ ಸಾಕು. ಗ್ರೋತ್ ಹಾರ್ಮೋನ್ ಚುಚ್ಚಿಕೊಳ್ಳುವ ಈ ಪೆನ್ನು ಒಳ್ಳೆಯದುಂಟು, ಬೆಲೆ ವಿಪರೀತ ಉಂಟು, ಆ ಹಾರ್ಮೋನಿನ ಕೊರತೆ ಉಂಟೆಂದು ಪರೀಕ್ಷೆಯಲ್ಲಿ ಸಾಬೀತಾಗದವರು ಇದರ ಹತ್ತಿರವೂ ಸುಳಿಯುವುದು ಬೇಡ. ಕುಳ್ಳ ಮಕ್ಕಳಿಗೆ ಕೊಡುವ ಇಂಜೆಕ್ಷನ್ ನಲವತ್ತಾರರ ಹೆಂಗಸಿಗೆ ಎಂತಕ್ಕೆ ಅಂತ ನಮ್ಮ ಸೊಸೈಟಿ ಕೌಂಟರಿಗೆ ಬರುವವರೆಲ್ಲ ಕೇಳಿ ಆಗಿದೆ. ನಾನು ಕಾಪುವಿನಲ್ಲಿ ಕ್ಯಾಶಿಯರ್. ಲೆಕ್ಕ ನೋಡದೆ ಯಾವುದಕ್ಕೂ ಸಹಿ ಹಾಕುವ ಅಭ್ಯಾಸ ಇಲ್ಲ, ಇದಕ್ಕೂ ಹಾಕಲಿಲ್ಲ.

ಕೆಲವು ವರ್ಷದ ಹಿಂದೆ ನನ್ನ ಪಿಟ್ಯುಟರಿಯಲ್ಲಿ, ಅಂದರೆ ಗ್ರೋತ್ ಹಾರ್ಮೋನ್ ಬಿಡುವ ಮೆದುಳಿನ ಬುಡದ ಗ್ರಂಥಿಯಲ್ಲಿ, ಗಡ್ಡೆ ಇತ್ತು, ಮೂಗಿನ ಮೂಲಕವೇ ಆಪರೇಷನ್ ಮಾಡಿ ತೆಗೆದರು. ಆಮೇಲೆ ಥೈರಾಯ್ಡ್ ಮಾತ್ರೆ, ಈಸ್ಟ್ರೋಜನ್ ಮಾತ್ರೆ ಶುರುವಾಯ್ತು. ಎಲ್ಲ ಸರಿಯಾಯ್ತು ಅಂದುಕೊಳ್ಳುವಷ್ಟರಲ್ಲಿ ಕೈಕಾಲು ಸಪೂರ ಆಗ್ತಾ ಹೊಟ್ಟೆ ಮಾತ್ರ ಮುಂದೆ ಬಂತು. ಮಧ್ಯಾಹ್ನ ಮೂರು ಗಂಟೆಗೆ ನೋಟು ಎಣಿಸುವಾಗ ಕಣ್ಣು ಎಳೆದುಕೊಂಡು ಹೋಗುವಂಥ ಸುಸ್ತು. ಉಡುಪಿಯಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ಫ್ಯಾಟಿ ಲಿವರ್, ಗ್ರೇಡ್ ಎರಡು ಅಂತ ಬಂತು. ಸ್ಕ್ಯಾನ್ ಮಾಡಿದವರು ದನಿ ತಗ್ಗಿಸಿ, "ಡ್ರಿಂಕ್ಸ್ ಏನಾದ್ರೂ ಉಂಟಾ?" ಅಂದರು. ನನಗೆ ಬೊಂಡದ ನೀರು ಬಿಟ್ಟರೆ ಬೇರೆ ಚಟ ಇಲ್ಲ. ಇಂಥ ಅನುಮಾನಕ್ಕೆ ಜಾಗ ಕೊಡುತ್ತಿದ್ದ 'ಆಲ್ಕೊಹಾಲಿನದಲ್ಲದ ಕೊಬ್ಬಿನ ಲಿವರ್' ಎಂಬ ಹಳೆಯ ಹೆಸರನ್ನು 2023ರಲ್ಲಿ ವೈದ್ಯ ಸಂಘಟನೆಗಳು ಕೈಬಿಟ್ಟು, ಚಯಾಪಚಯಕ್ಕೆ ಸಂಬಂಧಿಸಿದ ಹೆಸರು ಇಟ್ಟಿದ್ದಾರಂತೆ. ಪ್ರಶ್ನೆ ಮಾತ್ರ ಉಡುಪಿಯಲ್ಲಿ ಇನ್ನೂ ಹಳೆಯದೇ.

ಪೆನ್ನಿನ ವಿಷಯಕ್ಕೆ ಬರುವ ಮೊದಲು ಇನ್ನೊಂದು ಸರಕಿನ ಬಗ್ಗೆ ಹೇಳಬೇಕು, ಅದು ಶುದ್ಧ ದಂಡ. ಒಂದು ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆಯುವ ಹಾರ್ಮೋನ್ ಪ್ಯಾಕೇಜ್ ಮಾರ್ತಾರೆ. ಅದರಲ್ಲಿ ಗ್ರೋತ್ ಹಾರ್ಮೋನ್ ಅಂತ ಒಂದು ಸಾಲು, ಅದಕ್ಕೆ ಬೇರೆಯೇ ರೇಟು. ಆದರೆ ಈ ಹಾರ್ಮೋನ್ ಇಡೀ ದಿನ ಒಂದೇ ಸಮ ಹರಿಯುವುದಲ್ಲ, ಬಿಟ್ಟು ಬಿಟ್ಟು ಬರ್ತದೆ. ದೊಡ್ಡ ಅಲೆ ಬರುವುದು ರಾತ್ರಿ ಮೊದಲ ಗಾಢ ನಿದ್ದೆಯಲ್ಲಿ. ನಡುವಿನ ಹೊತ್ತಿನಲ್ಲಿ ಗಟ್ಟಿಮುಟ್ಟಾದವರ ರಕ್ತದಲ್ಲಿಯೂ ಸೊನ್ನೆಯ ಹತ್ತಿರವೇ ಇರ್ತದೆ. ಬೆಳಗ್ಗೆ ಏಳೂವರೆಗೆ ಒಂದು ಸಲ ಸೂಜಿ ಚುಚ್ಚಿ ಅಳೆದ ಅಂಕಿಯಿಂದ ಕೊರತೆ ಉಂಟೋ ಇಲ್ಲವೋ ಹೇಳಲಿಕ್ಕೆ ಆಗುವುದಿಲ್ಲ. ನನ್ನ ವರದಿಯಲ್ಲಿ ಆ ಸಾಲಿನ ಎದುರು 'ನಾರ್ಮಲ್' ಅಂತ ಹಸಿರು ಬಣ್ಣದಲ್ಲಿತ್ತು. ಮಂಗಳೂರಿನಲ್ಲಿ ಹಾರ್ಮೋನ್ ಕಾಯಿಲೆ ನೋಡುವ ಎಂಡೋಕ್ರೈನ್ ಡಾಕ್ಟ್ರು ಅದನ್ನು ನೋಡಿ ನಕ್ಕು ಫೈಲಿನ ಕೊನೆಗೆ ಸೇರಿಸಿದರು.

ಅವರು ವಿವರಿಸಿದ್ದು ನನ್ನ ಭಾಷೆಯಲ್ಲಿ ಹೀಗೆ: ಪಿಟ್ಯುಟರಿ ಬರೆಯುವುದು ಬರೀ ವಿತ್‌ಡ್ರಾವಲ್ ಚೀಟಿ, ನಗದು ಎಣಿಸಿ ಕೊಡುವುದು ಲಿವರ್. ಮೆದುಳಿನ ಹೈಪೋಥಲಾಮಸ್‌ನಿಂದ ಬರುವ ಒಂದು ಹಾರ್ಮೋನ್ ಪಿಟ್ಯುಟರಿಯನ್ನು ಕೊಡು ಅಂತ ದೂಡ್ತದೆ, ಸೊಮಾಟೋಸ್ಟಾಟಿನ್ ಅಂತ ಇನ್ನೊಂದು ಸಾಕು ಅಂತ ತಡೀತದೆ. ಹೊಟ್ಟೆ ಹಸಿದಾಗ ಜಠರದಿಂದ ಬರುವ ಗ್ರೆಲಿನ್ ಕೂಡ ದೂಡುವವರ ಕಡೆಗೆ. ಹೊರಗೆ ಬಂದ ಗ್ರೋತ್ ಹಾರ್ಮೋನ್ ಲಿವರಿಗೆ ಹೋದರೆ ಲಿವರ್ ಐಜಿಎಫ್-1 ಎಂಬ ಪ್ರೋಟೀನ್ ಮಾಡಿ ರಕ್ತಕ್ಕೆ ಬಿಡ್ತದೆ. ಅದು ಹೆಚ್ಚಾದರೆ ಮೇಲಿನವರು ಕೈ ಬಿಗಿ ಮಾಡ್ತಾರೆ. ಐಜಿಎಫ್-1 ಗಂಟೆಗಂಟೆಗೆ ಏರಿಳಿಯುವುದಿಲ್ಲ, ಹಾಗಾಗಿ ಡೋಸ್ ನೋಡಲಿಕ್ಕೆ ಅಳೆಯುವುದು ಅದನ್ನೇ. ಅದರಲ್ಲಿಯೂ ಒಂದು ತೊಡಕುಂಟು. ಲಿವರ್ ತೀರಾ ಕೆಟ್ಟಿದ್ದರೆ, ಉಪವಾಸ ಬಿದ್ದಿದ್ದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ಐಜಿಎಫ್-1 ತನ್ನಿಂತಾನೇ ಇಳೀತದೆ. ಚೀಟಿ ಬಂದೇ ಇಲ್ಲವೋ, ಬಂದರೂ ಕೌಂಟರಿನಲ್ಲಿ ದುಡ್ಡಿಲ್ಲವೋ ಅಂತ ಆ ಒಂದು ಅಂಕಿಯಿಂದ ಗೊತ್ತಾಗುವುದಿಲ್ಲ.

ಕೊಬ್ಬಿನ ಕತೆ ಇದಕ್ಕೇ ಅಂಟಿಕೊಂಡದ್ದು. ಈ ಹಾರ್ಮೋನ್ ಹೊಟ್ಟೆಯ ಕೊಬ್ಬನ್ನು ಕರಗಿಸಲಿಕ್ಕೆ ಹೇಳ್ತದೆ, ಲಿವರಿನೊಳಗೆ ಹೊಸ ಕೊಬ್ಬು ತಯಾರಾಗುವುದನ್ನು ತಡೀತದೆ. ಇದು ಇಲ್ಲದಿದ್ದರೆ ಕರುಳಿನ ಸುತ್ತ ಕೊಬ್ಬು, ಲಿವರಿನಲ್ಲಿ ಕೊಬ್ಬು. ಸಾಲದ್ದಕ್ಕೆ ಬೊಜ್ಜು ಬಂದವರಲ್ಲಿ ಪಿಟ್ಯುಟರಿ ಸರಿ ಇದ್ದರೂ ಹಾರ್ಮೋನ್ ಕಡಿಮೆಯೇ ಹೊರಬರ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಪಿಟ್ಯುಟರಿ ಸೊರಗುವ ಶೀಹನ್ ಸಿಂಡ್ರೋಮ್ ನಮ್ಮ ದೇಶದಲ್ಲಿ ಇನ್ನೂ ಉಂಟು. ಬಾಣಂತನದಲ್ಲಿ ಎದೆಹಾಲು ಬರಲಿಲ್ಲ, ಮುಟ್ಟು ಮತ್ತೆ ಆಗಲೇ ಇಲ್ಲ, ಆವತ್ತಿನಿಂದ ಸುಸ್ತು ಅನ್ನುವ ಹೆಂಗಸರು ನಿಮ್ಮ ಮನೆಯಲ್ಲಿ ಇದ್ದರೆ ಈ ಪ್ಯಾರಾ ಅವರಿಗೆ ತೋರಿಸಿ.

ಕೊರತೆಯ ಪರೀಕ್ಷೆ ಮಾಡಿಸಿದ್ದು ಮಂಗಳೂರಿನ ಒಂದು ಆಸ್ಪತ್ರೆಯ ಡೇ ಕೇರಿನಲ್ಲಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಒಂದು ಮಿಲಿಗ್ರಾಂ ಗ್ಲುಕಗಾನ್ ಇಂಜೆಕ್ಷನ್ ಕೊಡ್ತಾರೆ, ಆಮೇಲೆ ಅರ್ಧರ್ಧ ಗಂಟೆಗೆ ರಕ್ತ, ಒಟ್ಟು ನಾಲ್ಕು ಗಂಟೆ. ಗ್ಲುಕಗಾನ್ ಲಿವರಿನಲ್ಲಿದ್ದ ಸಕ್ಕರೆಯನ್ನು ಹೊರಗೆ ಹಾಕಿಸ್ತದೆ, ಗ್ಲೂಕೋಸ್ ಏರಿ ಮತ್ತೆ ಇಳೀತದೆ, ಸರಿ ಇದ್ದವರಲ್ಲಿ ಅದರ ಹಿಂದೆಯೇ ಗ್ರೋತ್ ಹಾರ್ಮೋನ್ ಏರ್ತದೆ. ನನಗೆ ಏರಿದ್ದು ವಾಕರಿಕೆ ಮಾತ್ರ. ಎಡಗೈಯಲ್ಲಿ ಕ್ಯಾನುಲಾ, ಮಡಿಲಲ್ಲಿ ಉಕ್ಕಿನ ಟ್ರೇ, ಪಕ್ಕದಲ್ಲಿ ನರ್ಸ್. ಪ್ರತಿ ಟ್ಯೂಬಿನ ಮೇಲೆ ಹೊತ್ತು ಬರೆದು, ಅದನ್ನು ಎರಡು ಸಲ ಮೆಲ್ಲಗೆ ಅತ್ತಿತ್ತ ಮಗುಚಿ, "ಎಂಚ ಆಪುಂಡು ಅಕ್ಕ?" (ಹೇಗಾಗ್ತಾ ಉಂಟು ಅಕ್ಕ?) ಅಂತ ತುಳುವಿನಲ್ಲಿ ಕೇಳದೆ ಆ ಹುಡುಗಿ ಎದ್ದು ಹೋಗಲಿಲ್ಲ. ಅವಳಿಗೆ ಐದಕ್ಕೆ ಐದು. ಗ್ರೋತ್ ಹಾರ್ಮೋನ್ ಮಿಲಿಲೀಟರಿಗೆ 3 ನ್ಯಾನೋಗ್ರಾಂ ದಾಟಬೇಕಿತ್ತು, ತೂಕ ಜಾಸ್ತಿ ಇದ್ದವರಿಗೆ ಗಡಿ ಇನ್ನೂ ಕೆಳಗೆ. ನನ್ನದು ಯಾವ ಗಡಿಯ ಹತ್ತಿರಕ್ಕೂ ಬರಲಿಲ್ಲ. ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಬನ್ಸ್ ತಿಂದೆ. ಬನ್ಸಿಗೆ ಎರಡೇ ಅಂಕ, ನಿನ್ನೆಯದ್ದು.

ಈಗ ಪೆನ್ನು. ಒಳಗಿರುವುದು ಸೊಮಾಟ್ರೋಪಿನ್, ಅಂದರೆ ಜೀನ್ ತಂತ್ರಜ್ಞಾನದಿಂದ ತಯಾರಾದ ಗ್ರೋತ್ ಹಾರ್ಮೋನ್. 1985ರ ತನಕ ಇದನ್ನು ಸತ್ತವರ ಪಿಟ್ಯುಟರಿಯಿಂದ ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಮಾರಕ ಮಿದುಳಿನ ಕಾಯಿಲೆ ಬಂದದ್ದು ಗೊತ್ತಾಗಿ ಅಮೆರಿಕ ನಿಲ್ಲಿಸಿತು, ಅದೇ ವರ್ಷ ಪ್ರಯೋಗಾಲಯದ್ದು ಬಂತು. ಸೂಜಿ 4 ಮಿಲಿಮೀಟರಿನದ್ದು, ತೊಡೆಯಲ್ಲಿ ಚುಚ್ಚಿದರೆ ಇರುವೆ ಕಚ್ಚಿದಷ್ಟೂ ಆಗುವುದಿಲ್ಲ. ಡೋಸ್ ತಿರುಗಿಸುವಾಗ ಕಟ್ ಕಟ್ ಶಬ್ದ ಸ್ಪಷ್ಟ ಕೇಳ್ತದೆ. ಜಾಗ ಬದಲಿಸ್ತಾ ಇರಬೇಕು, ಮಲಗುವ ಮುಂಚೆ ಹಾಕಬೇಕು. ವಾರಕ್ಕೊಮ್ಮೆ ಹಾಕುವ ಬಗೆಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿದೆ. ನನ್ನದು ದಿನಾ ಹಾಕುವ ಹಳೆಯ ಬಗೆ.

ತಲೆನೋವು ಎಂತ ಅಂದರೆ ಫ್ರಿಜ್ಜು. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಿದರೆ ಮದ್ದು ಹಾಳು. ಮೇ ತಿಂಗಳಲ್ಲಿ ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಥರ್ಮೋಕೋಲ್ ಡಬ್ಬ ಮಡಿಲಲ್ಲಿಟ್ಟು ಬರುವಾಗ ಪಕ್ಕದವರು, "ಮೀನಾ?" ಅಂತ ಕೇಳಿದ್ದುಂಟು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುವುದೋ ದೇವರೇ ಬಲ್ಲ, ಬಾಗಿಲು ತೆರೆಯದೆ ಕಾಯಬೇಕು. ಬಂಗುಡೆ ಇಡುವ ಮೇಲಿನ ಪೆಟ್ಟಿಗೆಯಿಂದ ದೂರ, ನಡುವಿನ ತಟ್ಟೆಯಲ್ಲಿ ಪುಟ್ಟ ಥರ್ಮಾಮೀಟರಿನ ಪಕ್ಕ ಇಟ್ಟಿದ್ದೇನೆ. ಒಂದು ಆನ್‌ಲೈನ್ ಮದ್ದಿನಂಗಡಿ ಗಟ್ಟಿ ಐಸ್ ಪ್ಯಾಕಿಗೇ ಪೆನ್ನನ್ನು ಟೇಪು ಸುತ್ತಿ ಕಳಿಸಿತು. ತೆಗೆದುಕೊಳ್ಳದೆ ವಾಪಸು ಮಾಡಿದೆ. ದುಡ್ಡು ಬರಲಿಕ್ಕೆ ಜಗಳ ಆಡಬೇಕಾಯ್ತು.

ಡೋಸ್ ಶುರುವಾದದ್ದು ದಿನಕ್ಕೆ 0.2 ಮಿಲಿಗ್ರಾಂನಲ್ಲಿ. ಏರಿಸಿದ ಸಲ ಬೆರಳು ಊದಿ ಮದುವೆ ಉಂಗುರ ಸಾಬೂನು ಹಚ್ಚಿದರೂ ಬರಲಿಲ್ಲ. ಇದು ನೀರು ಹಿಡಿಯುವುದು, ಕೂಡಲೇ ತಿಳಿಸಿ ಅಂತ ಮೊದಲೇ ಹೇಳಿದ್ದರು. ಫೋನು ಮಾಡಿದೆ, ಡೋಸ್ ಇಳಿಸಿದರು, ಉಂಗುರ ಸಡಿಲಾಯ್ತು. ಆ ಡಾಕ್ಟ್ರ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಬೇರೆ ಎರಡು ವಿಷಯಕ್ಕೆ. ಈಸ್ಟ್ರೋಜನ್ ನುಂಗಿದರೆ ಅದು ನೇರ ಲಿವರಿಗೆ ಹೋಗಿ ಐಜಿಎಫ್-1 ತಯಾರಾಗುವುದನ್ನು ತಗ್ಗಿಸ್ತದೆ, ಅಷ್ಟೇ ಫಲಕ್ಕೆ ಹೆಚ್ಚು ಹಾರ್ಮೋನ್ ಬೇಕಾಗ್ತದೆ. ಅದಕ್ಕೆ ಮಾತ್ರೆ ಬಿಡಿಸಿ ಚರ್ಮಕ್ಕೆ ಹಚ್ಚುವ ಜೆಲ್ ಕೊಟ್ಟರು, ಪೆನ್ನಿನ ಖರ್ಚೂ ಇಳಿಯಿತು. ಇನ್ನೊಂದು, ಲಿವರಿನಲ್ಲಿ ಕಾರ್ಟಿಸೋನ್ ಎಂಬ ನಿಷ್ಕ್ರಿಯ ರೂಪ ದೇಹಕ್ಕೆ ಬೇಕಾದ ಕಾರ್ಟಿಸಾಲ್ ಹಾರ್ಮೋನ್ ಆಗುವುದನ್ನು ಗ್ರೋತ್ ಹಾರ್ಮೋನ್ ಕಡಿಮೆ ಮಾಡ್ತದೆ. ಅಂಚಿನಲ್ಲಿದ್ದ ನನ್ನ ಕಾರ್ಟಿಸಾಲ್ ಕೊರತೆ ಇದರಿಂದ ಬಯಲಿಗೆ ಬಂತು, ಬೆಳಗ್ಗೆ ಒಂದು ಮಾತ್ರೆ ಸೇರಿಕೊಂಡಿತು. ಇಂಥದ್ದನ್ನು ನೋಡುವವರು ಇಲ್ಲದೆ ಬರೀ ಪೆನ್ನು ತಂದು ಚುಚ್ಚಿಕೊಂಡರೆ ಅಪಾಯ.

ಫಲ? ಮೂರು ಗಂಟೆಯ ಸುಸ್ತು ಹೋಗಿದೆ, ಅದೊಂದಕ್ಕೇ ಅರ್ಧ ಬೆಲೆ ಕೊಟ್ಟೇನು. ಸೀರೆಯ ಕುಪ್ಪಸ ಒಳಗೆ ಹೊಲಿಸಿಕೊಂಡಿದ್ದೇನೆ. ಪಕ್ಕೆಲುಬಿನ ಮೇಲೆ ಟಕ್ ಟಕ್ ತಟ್ಟುವ ಫೈಬ್ರೋಸ್ಕ್ಯಾನಿನಲ್ಲಿ ಕೊಬ್ಬಿನ ಅಂಕಿ 312ರಿಂದ 270ಕ್ಕೆ ಬಂತು, ಲಿವರ್ ಗಟ್ಟಿಯಾಗಿಲ್ಲ. ಇದರ ಪೂರ್ತಿ ಕೀರ್ತಿ ಪೆನ್ನಿಗೆ ಕೊಡಲಿಕ್ಕೆ ನಾನು ತಯಾರಿಲ್ಲ, ರಾತ್ರಿಯ ಕುಚ್ಚಲಕ್ಕಿ ಗಂಜಿ ಅರ್ಧಕ್ಕೆ ಇಳಿದದ್ದೂ ಸಂಜೆ ಬೀಚಿನಲ್ಲಿ ನಡೆದದ್ದೂ ಅದೇ ಹೊತ್ತಿನಲ್ಲಿ. ಸಕ್ಕರೆ ಮಾತ್ರ ಸ್ವಲ್ಪ ಮೇಲೆ ಹೋಗಿದೆ. ಈ ಹಾರ್ಮೋನ್ ಇನ್ಸುಲಿನ್ನಿಗೆ ಎದುರು ನಿಲ್ಲುವಂಥದ್ದು. ಇದು ವಿಪರೀತ ಆಗುವ ಅಕ್ರೋಮೆಗಲಿ ಕಾಯಿಲೆಯವರಿಗೆ ಲಿವರಿನಲ್ಲಿ ಕೊಬ್ಬು ಕಡಿಮೆ, ಆದರೆ ಸಕ್ಕರೆ ಕಾಯಿಲೆ ಹೆಚ್ಚು.

ಸುರತ್ಕಲ್‌ನ ಅಕ್ಕನ ಮಗ ಜಿಮ್ಮಿಗೆ ಹೋಗ್ತಾನೆ. "ಚಿಕ್ಕಮ್ಮ, ಕೊನೆಗೆ ಸ್ವಲ್ಪ ಉಳಿದರೆ ನನಗೆ ಕೊಡಿ, ನನ್ನ ಲಿವರಿನಲ್ಲೂ ಫ್ಯಾಟ್ ಉಂಟಂತೆ" ಅಂದ. ಬರೀ ಫ್ಯಾಟಿ ಲಿವರಿಗೆ ಇದು ಒಪ್ಪಿಗೆ ಪಡೆದ ಚಿಕಿತ್ಸೆಯೇ ಅಲ್ಲ, ಕ್ರೀಡೆಯಲ್ಲಿ ನಿಷೇಧ ಬೇರೆ. ದೇಹದ ಸ್ವಂತ ಹಾರ್ಮೋನನ್ನೇ ದೂಡಿ ಏರಿಸುವ ಟೆಸಮೊರೆಲಿನ್‌ಗೆ ಅಮೆರಿಕ 2010ರಲ್ಲಿ ಒಪ್ಪಿಗೆ ಕೊಟ್ಟದ್ದು ಎಚ್‌ಐವಿ ಇದ್ದವರ ಹೊಟ್ಟೆಯ ಕೊಬ್ಬಿಗೆ. ಅವರ ಲಿವರಿನ ಕೊಬ್ಬೂ ಇಳಿದದ್ದು ಅಧ್ಯಯನದಲ್ಲಿ ಕಂಡಿದೆ, ನಮ್ಮ ಹುಡುಗನಿಗೆ ಅದು ಲೆಕ್ಕಕ್ಕಿಲ್ಲ. "ನೀನು ರಾತ್ರಿ ಎರಡರ ತನಕ ಮೊಬೈಲ್ ನೋಡುವುದು ಬಿಡು ಮಾರಾಯ, ಹಾರ್ಮೋನ್ ಬರುವ ಹೊತ್ತೇ ಅದು" ಅಂದೆ. ಸಿಟ್ಟು ಮಾಡಿಕೊಂಡ.

ತಿಂಗಳ ಬಿಲ್ಲು ಐದಂಕಿ. ಇನ್ಶೂರೆನ್ಸಿನವರು ಹೊರರೋಗಿಯ ಮದ್ದು ಅಂತ ಒಂದು ಪೈಸೆ ಕೊಡಲಿಲ್ಲ. ಒಪಿಡಿಗೆ ಹೋಗುವವರು ಶನಿವಾರ ಬಿಡಿ, ಕಾಸರಗೋಡಿನಿಂದ ಕುಂದಾಪುರದ ತನಕದವರೆಲ್ಲ ಆವತ್ತೇ ಬಂದಿರ್ತಾರೆ. ಬುಧವಾರ ಎಂಟೂವರೆಗೆ ಟೋಕನ್ ತೆಗೆದುಕೊಂಡರೆ ಹನ್ನೊಂದಕ್ಕೆ ಮುಗೀತದೆ. ಮದ್ದನ್ನು ಕೊನೆಗೆ, ಬಸ್ಸು ಹತ್ತುವ ಸ್ವಲ್ಪ ಮೊದಲು ಕೊಂಡುಕೊಳ್ಳಿ. ಐಸ್ ಪ್ಯಾಕಿಗೂ ಪೆನ್ನಿಗೂ ನಡುವೆ ಒಂದು ಬಟ್ಟೆ ಇಡಲಿಕ್ಕೆ ಫಾರ್ಮಸಿಯವರಿಗೆ ಬಾಯಿಬಿಟ್ಟು ಹೇಳಿ.