ಆಂಟಿಸ್ಪ್ಯಾಮ್ ಬೀ: ನಮ್ಮ ವಿಭಾಗದ ತಾಣಕ್ಕೆ ಹಾಕಿಸಿ ಒಂದು ವರ್ಷವಾಯಿತು

ನಮ್ಮ ಕನ್ನಡ ವಿಭಾಗದ ತಾಣ ವಿಶ್ವವಿದ್ಯಾಲಯದ ವರ್ಡ್‌ಪ್ರೆಸ್ ಮಲ್ಟಿಸೈಟ್‌ನಲ್ಲಿದೆ, ಅಂದರೆ ಒಂದೇ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಹಲವು ತಾಣ ನಡೆಯುವ ವ್ಯವಸ್ಥೆಯಲ್ಲಿ. ನೋಡಿಕೊಳ್ಳುವ ಕೆಲಸ ನನ್ನದು. ವಿದ್ಯಾರ್ಥಿಗಳು ಕವಿತೆ, ವಿಮರ್ಶೆ ಹಾಕುತ್ತಾರೆ, ಓದಿದವರು ಕೆಳಗೆ ಕಾಮೆಂಟ್ ಬರೆಯುತ್ತಾರೆ. ಆದರೆ ಒಂದು ಹಂತದಲ್ಲಿ ಬರುತ್ತಿದ್ದದ್ದೆಲ್ಲ ಜೂಜಿನ ಲಿಂಕ್, ಮಾತ್ರೆ ಮಾರಾಟ, ಸಾಲದ ಜಾಹೀರಾತು. ಮೊದಲ ಸಲ ಕವಿತೆ ಹಾಕಿದ ಹುಡುಗಿ ಯಾರಾದರೂ ಏನಾದರೂ ಹೇಳಿದ್ದಾರಾ ಅಂತ ಆಸೆಯಿಂದ ಬಂದು ನೋಡಿದರೆ ಅಲ್ಲಿ ಕ್ಯಾಸಿನೊ ಲಿಂಕ್! ಮನಸ್ಸಿಗೆ ತುಂಬಾ ಬೇಜಾರಾಯಿತು.

ಅದಕ್ಕೇ ಆಂಟಿಸ್ಪ್ಯಾಮ್ ಬೀ ಹಾಕಿಸಿದೆ. ಇಂಥ ಕಸದ ಕಾಮೆಂಟ್, ಅಂದರೆ ಸ್ಪ್ಯಾಮ್, ತಡೆಯಲು ವರ್ಡ್‌ಪ್ರೆಸ್‌ಗೆ ಸೇರಿಸುವ ಚಿಕ್ಕ ತಂತ್ರಾಂಶ (ಪ್ಲಗಿನ್) ಇದು. ಮಲ್ಟಿಸೈಟ್‌ನಲ್ಲಿ ಪ್ಲಗಿನ್ ನಾವೇ ಹಾಕಿಕೊಳ್ಳಲು ಬರುವುದಿಲ್ಲ, ಇಡೀ ಜಾಲ ನೋಡಿಕೊಳ್ಳುವವರೇ ಹಾಕಬೇಕು. ಕಂಪ್ಯೂಟರ್ ಸೆಂಟರ್‌ಗೆ ಒಂದು ಪತ್ರ ಬರೆದೆ, ಹಾಕಿಕೊಟ್ಟರು. ದುಡ್ಡಿಲ್ಲ, ನೋಂದಣಿ ಇಲ್ಲ, ಬಳಸಲು ಬೇರೆ ಕಡೆಯಿಂದ ಪಡೆಯಬೇಕಾದ ಕೀ (ಗುರುತಿನ ಸಂಕೇತ) ಇಲ್ಲ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಚಿಕ್ಕದೊಂದು ಖರೀದಿಗೂ ಎಷ್ಟು ಕಡೆ ಸಹಿ ಬೇಕು ಅಂತ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು.

ಇದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಕಾಮೆಂಟ್ ಬರೆಯುವ ಜಾಗದ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಸುಳ್ಳು ಜಾಗ ಇಡುತ್ತದೆ. ಮನುಷ್ಯರಿಗೆ ಅದು ಕಾಣುವುದೇ ಇಲ್ಲ, ತಾನೇ ಕಾಮೆಂಟ್ ಹಾಕುತ್ತಾ ಹೋಗುವ ಪ್ರೋಗ್ರಾಂ, ಅಂದರೆ ಬಾಟ್, ಮಾತ್ರ ಹೋಗಿ ಅದನ್ನೇ ತುಂಬುತ್ತದೆ, ತುಂಬಿದ ಕೂಡಲೇ ಸಿಕ್ಕಿಬೀಳುತ್ತದೆ. ಓದುಗರಿಗೆ ಯಾವ ಪರೀಕ್ಷೆಯೂ ಇಲ್ಲ. ನಮ್ಮ ಓದುಗರಲ್ಲಿ ನಿವೃತ್ತ ಮೇಷ್ಟ್ರುಗಳು ಜಾಸ್ತಿ, ಅವರಿಗೆ ಕ್ಯಾಪ್ಚಾ ಕೊಟ್ಟು ಸಿಗ್ನಲ್ ಕಂಬ ಎಲ್ಲಿದೆ ಹುಡುಕಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಲಾಗಿನ್ ಆದವರು ಮಾತ್ರ ಬರೆಯಲಿ ಅಂತ ಮಾಡಬಹುದು, ಆದರೆ ಹಳೆಯ ವಿದ್ಯಾರ್ಥಿಗಳೆಲ್ಲ ಹೊರಗುಳಿಯುತ್ತಾರೆ.

ಸ್ಪ್ಯಾಮ್ ತಡೆಯುವ ಇನ್ನೊಂದು ಪ್ಲಗಿನ್ ಅಕಿಸ್ಮೆಟ್ ಯಾಕೆ ಬೇಡ ಅಂತ ಕೇಳಬಹುದು. 2005ರಿಂದ ಇದೆ, ಹೆಸರು ಮಾಡಿದೆ. ಆದರೆ ಅದು ಪ್ರತಿ ಕಾಮೆಂಟನ್ನೂ ಬರೆದವರ ಐಪಿ ವಿಳಾಸದ ಜೊತೆ ತನ್ನ ಸರ್ವರ್‌ಗೆ ಕಳಿಸಿ ಪರೀಕ್ಷಿಸುತ್ತದೆ. ವಿದ್ಯಾರ್ಥಿಗಳ ವಿವರ ಹೊರಗೆ ಹೋಗುವುದು ನನಗೆ ಒಪ್ಪಿಗೆ ಇಲ್ಲ, ಅಷ್ಟೇ.

ಕಾಮೆಂಟ್ ಬರೆಯಲು ಹಿಡಿದ ಸಮಯ ನೋಡುವ ಆಯ್ಕೆಯೊಂದಿದೆ. ತಾಣದಲ್ಲಿ ಪೇಜ್ ಕ್ಯಾಶಿಂಗ್ (ಒಮ್ಮೆ ಸಿದ್ಧವಾದ ಪುಟವನ್ನೇ ಉಳಿಸಿಟ್ಟು ಎಲ್ಲರಿಗೂ ತೋರಿಸುವುದು) ಇದ್ದರೆ ಆ ಆಯ್ಕೆ ಆನ್ ಮಾಡಬೇಡಿ, ಸಮಯದ ಲೆಕ್ಕ ತಪ್ಪುತ್ತದೆ.

ಇನ್ನು, ಕೈಯಾರೆ ಕೂತು ಟೈಪ್ ಮಾಡುವ ಮನುಷ್ಯರನ್ನು ಈ ಸುಳ್ಳು ಜಾಗ ಹಿಡಿಯುವುದಿಲ್ಲ. ಅದಕ್ಕೆ ವರ್ಡ್‌ಪ್ರೆಸ್‌ನ ಡಿಸ್ಕಷನ್ ಸೆಟ್ಟಿಂಗ್ಸ್ ಇದೆ. ಮೊದಲ ಕಾಮೆಂಟ್ ನಾನು ಒಪ್ಪಿದ ಮೇಲೇ ಕಾಣಬೇಕು, ಒಂದು ಲಿಂಕ್ ಇದ್ದರೂ ತಡೆದು ನಿಲ್ಲಿಸಬೇಕು, ಹಳೆಯ ಬರಹಗಳಿಗೆ ಕಾಮೆಂಟ್ ಮುಚ್ಚಿರಬೇಕು. ಪಿಂಗ್‌ಬ್ಯಾಕ್, ಟ್ರ್ಯಾಕ್‌ಬ್ಯಾಕ್ (ಬೇರೆ ತಾಣ ನಮ್ಮ ಬರಹಕ್ಕೆ ಲಿಂಕ್ ಕೊಟ್ಟಿದೆ ಅಂತ ಕಾಮೆಂಟಿನ ಜಾಗಕ್ಕೆ ಬರುವ ಸೂಚನೆಗಳು) ಪೂರ್ತಿ ಬಂದ್. ಕಾಮೆಂಟಿನ ಲಿಂಕ್‌ಗಳಿಗೆ ವರ್ಡ್‌ಪ್ರೆಸ್ ತಾನೇ ನೋಫಾಲೋ ಗುರುತು (ಈ ಲಿಂಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಸರ್ಚ್ ಎಂಜಿನ್‌ಗೆ ಸೂಚನೆ) ಹಾಕುತ್ತದೆ, ಹಾಗಾಗಿ ಹುಡುಕಾಟದಲ್ಲಿ ಮೇಲೆ ಬರಲು ಆ ಲಿಂಕ್‌ನಿಂದ ಸ್ಪ್ಯಾಮ್ ಹಾಕುವವರಿಗೆ ಹೆಚ್ಚು ಲಾಭವಿಲ್ಲ, ಆದರೂ ವಿಶ್ವವಿದ್ಯಾಲಯದ ವಿಳಾಸ ಕಂಡರೆ ಬಿಡುವುದಿಲ್ಲ.

ಒಂದು ವಿಷಯ ಕನ್ನಡದಲ್ಲಿ ತಾಣ ನಡೆಸುವವರಿಗೆ ಹೇಳಲೇಬೇಕು. ಅದೇ ಸೆಟ್ಟಿಂಗ್ಸ್‌ನಲ್ಲಿ ಬೇಡದ ಪದಗಳ ಪಟ್ಟಿ ಇದೆ. ಅಲ್ಲಿರುವ ಪದ ಬಂದರೆ ಕಾಮೆಂಟ್ ನೇರ ಟ್ರ್ಯಾಶ್‌ಗೆ (ಕಸದ ಬುಟ್ಟಿಗೆ) ಹೋಗುತ್ತದೆ. ಸಾಲದ ಜಾಹೀರಾತು ನಿಲ್ಲಲಿ ಅಂತ ನಾನು ‘ಸಾಲ’ ಅಂತ ಸೇರಿಸಿದೆ. ಅದು ಪದದ ಒಳಗೂ ಹುಡುಕುತ್ತದೆ. ‘ಸಾಲು’ ಬರೆದರೂ ಯಂತ್ರಕ್ಕೆ ಮೊದಲು ಕಾಣುವುದು ಸಾಲ, ಆಮೇಲೆ ಕೊಂಬು. ಕವಿತೆಯ ಬಗ್ಗೆ ಬರೆದವರು ‘ಈ ಎರಡು ಸಾಲು ತುಂಬಾ ಚೆನ್ನಾಗಿದೆ’ ಅನ್ನದೆ ಇರುತ್ತಾರಾ? ಅಂಥವೆಲ್ಲ ಟ್ರ್ಯಾಶ್ ಸೇರಿದ್ದವು. ಟ್ರ್ಯಾಶ್ 30 ದಿನಕ್ಕೆ ತಾನೇ ಖಾಲಿಯಾಗುತ್ತದೆ, ಹಾಗಾಗಿ ಎಷ್ಟೋ ಮಾತು ಆ ಮಕ್ಕಳಿಗೆ ತಲುಪಲೇ ಇಲ್ಲ. ಆ ನೋವು ಇನ್ನೂ ಇದೆ. ಈಗ ಪಟ್ಟಿಯಲ್ಲಿ ‘ತಕ್ಷಣ ಸಾಲ ಸೌಲಭ್ಯ’ ಅಂತ ಇಡೀ ಮಾತನ್ನೇ ಹಾಕಿದ್ದೇನೆ, ಪ್ರತಿ ಸೋಮವಾರ ಟ್ರ್ಯಾಶ್ ತೆರೆದು ಒಂದೊಂದಾಗಿ ಓದುತ್ತೇನೆ.