ಲಿವಿಂಗ್ ಟ್ರಸ್ಟ್: ಊಟದ ಸೆಮಿನಾರ್, ಆನ್‌ಲೈನ್ ಫಾರ್ಮ್, ವಕೀಲರು. ಮೂರನ್ನೂ ನೋಡಿದ ಮೇಲೆ

ಕ್ಯಾಲಿಫೋರ್ನಿಯಾದಲ್ಲಿ ಮನೆ ತಗೊಂಡವರು ಲಿವಿಂಗ್ ಟ್ರಸ್ಟ್ ನಿಜವಾಗಿ ಬೇಕಾ ಅಂತ ಕೇಳುತ್ತಲೇ ಇರುತ್ತಾರೆ. ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟ್ ಹೆಸರಿಗೆ ಮಾಡಿಟ್ಟು, ನಮ್ಮ ನಂತರ ಕೋರ್ಟಿಗೆ ಹೋಗದೆ ಮಕ್ಕಳಿಗೆ ಸೇರುವಂತೆ ಮಾಡುವ ವ್ಯವಸ್ಥೆ ಅದು. ಮೊದಲು ಲೆಕ್ಕ ನೋಡಿ. ಬರೀ ವಿಲ್ ಬರೆದಿಟ್ಟು ಗಂಡ ಹೆಂಡತಿ ಇಬ್ಬರೂ ಹೋದರೆ ಮನೆ ಪ್ರೊಬೇಟ್ ಕೋರ್ಟಿನ (ವಿಲ್ ಪರಿಶೀಲಿಸಿ ಆಸ್ತಿ ಹಂಚಿಸುವ ಕೋರ್ಟು) ಮೂಲಕವೇ ಮಕ್ಕಳಿಗೆ ಬರಬೇಕು. ಅಲ್ಲಿ ವಕೀಲರ ಫೀಸು ಕಾನೂನಿನಲ್ಲೇ ಇದೆ: ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಆಮೇಲಿನ 8 ಲಕ್ಷಕ್ಕೆ ಶೇ. 2. ಅಂದರೆ 10 ಲಕ್ಷದ ಮನೆಗೆ 23 ಸಾವಿರ ಡಾಲರ್. ವಿಲ್ ಜಾರಿ ಮಾಡುವ ಎಕ್ಸಿಕ್ಯೂಟರ್ ಕೂಡ ಅಷ್ಟೇ ಕೇಳಬಹುದು. ಮನೆಯ ಮೇಲೆ 7 ಲಕ್ಷ ಸಾಲ ಬಾಕಿ ಇದ್ದರೂ ಅದನ್ನು ಕಳೆಯುವುದಿಲ್ಲ, ಫೀಸು ಪೂರ್ತಿ ಬೆಲೆಯ ಮೇಲೇ.

ಹಾಗಾಗಿ ಭಯ ಸುಳ್ಳಲ್ಲ. ಆದರೆ ಈ ಭಯವನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ.

ಹೋಟೆಲ್ ಹಾಲ್‌ನಲ್ಲಿ ಊಟ ಹಾಕಿ ನಡೆಸುವ ಉಚಿತ ಸೆಮಿನಾರ್‌ಗೆ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಟ್ರಸ್ಟ್ ಮಾಡಿಸಿಕೊಡುವ ಪ್ಯಾಕೇಜ್ ಸುಮಾರು 2 ಸಾವಿರ ಡಾಲರ್, ಅವತ್ತೇ ಸಹಿ ಮಾಡಿದರೆ ಡಿಸ್ಕೌಂಟ್. ಪ್ರೊಬೇಟ್ ಲೆಕ್ಕವನ್ನು ಚೆನ್ನಾಗಿಯೇ ಹೇಳಿದರು. ಆದರೆ 2025ರ ಏಪ್ರಿಲ್‌ನಿಂದ 7.5 ಲಕ್ಷದೊಳಗಿನ ವಾಸದ ಮನೆಗೆ ಸರಳ ದಾರಿ ಬಂದಿದೆ ಅನ್ನುವುದನ್ನು ಬಾಯಿ ಬಿಡಲಿಲ್ಲ. ಬೇ ಏರಿಯಾದಲ್ಲಿ ಆ ಬೆಲೆಗೆ ಮನೆ ಸಿಗುವುದು ಕಷ್ಟ, ಅದು ಬೇರೆ ಮಾತು. ಆಮೇಲೆ ಮಾತಿಗೆ ಕೂತವರು ವಕೀಲರಲ್ಲ, ಇನ್ಶೂರೆನ್ಸ್ ಏಜೆಂಟ್. ಅವರು ಕೇಳಿದ ಮೊದಲ ಪ್ರಶ್ನೆ, 401ಕೆಯಲ್ಲಿ (ಕೆಲಸದ ಕಡೆಯ ನಿವೃತ್ತಿ ಖಾತೆ) ಎಷ್ಟಿದೆ ಅಂತ. ಮಕ್ಕಳೆಷ್ಟು, ಯಾವ ದೇಶದ ಪ್ರಜೆಗಳು, ಒಂದೂ ಕೇಳಲಿಲ್ಲ! ಅವರ ಕಣ್ಣು ಇದ್ದದ್ದು ಆನ್ಯುಟಿ, ಅಂದರೆ ಇನ್ಶೂರೆನ್ಸ್ ಕಂಪನಿಗೆ ದುಡ್ಡು ಕಟ್ಟಿ ಆಮೇಲೆ ಕಂತಿನಲ್ಲಿ ಪಡೆಯುವ ಯೋಜನೆ, ಮಾರುವುದರ ಮೇಲೆ. ಇಂಥವರ ಬಗ್ಗೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯೇ ಹಿರಿಯರಿಗೆ ಎಚ್ಚರಿಕೆ ಕೊಟ್ಟಿದೆ. ನಿಮ್ಮ ಅಪ್ಪ ಅಮ್ಮ ಇಲ್ಲೇ ಇದ್ದು, ಇಂಥ ಕಡೆ ಸಹಿ ಹಾಕಿಬಿಟ್ಟಿದ್ದರೆ ಒಂದು ನೆನಪಿಡಿ: 60 ದಾಟಿದವರು ಆನ್ಯುಟಿಯನ್ನು 30 ದಿನದೊಳಗೆ ವಾಪಸ್ ಕೊಡಬಹುದು.

ನಾವು ಅಲ್ಲಿ ಮಾಡಿಸಲಿಲ್ಲ. ಆದರೆ ಅಂಥದೇ ಕಡೆ ಮಾಡಿಸಿದ್ದ ಸ್ನೇಹಿತರೊಬ್ಬರು ತಮ್ಮ ಟ್ರಸ್ಟ್ ಪತ್ರಗಳ ಬೈಂಡರ್ ಕೊಟ್ಟರು, ಪೂರ್ತಿ ಓದಿದೆ. ದಪ್ಪ ಚರ್ಮದ ರಟ್ಟು, ಬಂಗಾರದ ಅಕ್ಷರ. ಒಳಗೆ ನೋಡಿದರೆ ಅಂಗಡಿಯಲ್ಲಿ ಲಗ್ನಪತ್ರಿಕೆಗೆ ಹೆಸರು, ಮುಹೂರ್ತ ಮಾತ್ರ ಬದಲಾಯಿಸಿ ಅಚ್ಚು ಹಾಕಿದ ಹಾಗಿತ್ತು. ಗಂಡ ಹೆಂಡತಿಯಲ್ಲಿ ಒಬ್ಬರು ಹೋದ ಕೂಡಲೇ ಟ್ರಸ್ಟನ್ನು ಎರಡು ಭಾಗ ಮಾಡಲೇಬೇಕು ಅಂತ ಅದರಲ್ಲಿದೆ. ಸತ್ತವರ ಆಸ್ತಿಯ ಮೇಲೆ ಬೀಳುವ ಎಸ್ಟೇಟ್ ತೆರಿಗೆಯ ವಿನಾಯಿತಿ 6 ಲಕ್ಷ ಡಾಲರ್ ಇದ್ದ ಕಾಲಕ್ಕೆ ಅದು ಸರಿ. 2026ರಲ್ಲಿ ಆ ವಿನಾಯಿತಿ ತಲಾ 1.5 ಕೋಟಿ ಡಾಲರ್. ನಮ್ಮಂಥವರಿಗೆ ಈ ಪಾಲು ಸುಮ್ನೆ ತಲೆನೋವು, ಉಳಿದವರು ಪ್ರತಿ ವರ್ಷ ಬೇರೆ ಲೆಕ್ಕ ಇಡಬೇಕು, ಬೇರೆ ರಿಟರ್ನ್ ಹಾಕಬೇಕು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಮನೆಯ ಡೀಡ್ (ಹಕ್ಕುಪತ್ರ) ಇನ್ನೂ ಅವರಿಬ್ಬರ ಹೆಸರಿನಲ್ಲೇ ಇದೆ, ಟ್ರಸ್ಟ್ ಹೆಸರಿಗೆ ಬದಲಾಗಿಯೇ ಇಲ್ಲ. ಅಷ್ಟು ದುಡ್ಡು ಕೊಟ್ಟೂ ಮನೆ ಮತ್ತೆ ಕೋರ್ಟಿನ ಬಾಗಿಲಿಗೇ!

ಆನ್‌ಲೈನ್ ಸಾಫ್ಟ್‌ವೇರ್ ಇದಕ್ಕಿಂತ ಎಷ್ಟೋ ಮೇಲು ಅಂತ ನನ್ನ ಅಭಿಪ್ರಾಯ. 500 ಡಾಲರ್ ಒಳಗೆ ಮುಗಿಯಿತು, ಭಾಷೆ ಸರಳ. ಪವರ್ ಆಫ್ ಅಟಾರ್ನಿ, ಆಸ್ಪತ್ರೆಯ ನಿರ್ಧಾರ ಯಾರು ಮಾಡಬೇಕು ಅನ್ನುವ ಪತ್ರ, ಎಲ್ಲ ಸೇರಿ ಬಂತು. ಯಾರೂ ಏನೂ ಮಾರಲು ಬರಲಿಲ್ಲ. ಡೀಡ್ ಬದಲಾಯಿಸಿ ಅಂತಲೂ ಸ್ಪಷ್ಟವಾಗಿ ಹೇಳಿತು, ಆದರೆ ನೋಟರಿ, ಕೌಂಟಿ ರೆಕಾರ್ಡರ್ ಕಚೇರಿಯ ಓಡಾಟ ನಮ್ಮದೇ.

ತೊಂದರೆ ಏನಪ್ಪಾ ಅಂದರೆ ನಾವು ಟೈಪ್ ಮಾಡಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ನಮ್ಮ ನಂತರ ಟ್ರಸ್ಟೀ, ಅಂದರೆ ಟ್ರಸ್ಟಿನ ಆಸ್ತಿ ನೋಡಿಕೊಳ್ಳುವವರು, ಯಾರು ಅಂದಾಗ ಬೆಂಗಳೂರಿನಲ್ಲಿರುವ ತಮ್ಮನ ಹೆಸರು ಹಾಕಿ ನೋಡಿದೆ, ತೆಪ್ಪಗೆ ಒಪ್ಪಿಕೊಂಡಿತು. ಅಮೆರಿಕದವರಲ್ಲದವರು ಒಬ್ಬರೇ ಟ್ರಸ್ಟೀ ಆದರೆ ತೆರಿಗೆ ಇಲಾಖೆಯ ಕಣ್ಣಲ್ಲಿ ಅದು ವಿದೇಶಿ ಟ್ರಸ್ಟ್ ಆಗಿಬಿಡುತ್ತದೆ, ಅದರ ಫಾರ್ಮುಗಳೇ ಬೇರೆ, ದಂಡವೂ ಜಾಸ್ತಿ. ಇನ್ನೊಂದು, ಟ್ರಸ್ಟ್ ಜೊತೆ ಕೊಡುವ ವಿಲ್‌ನ ಮೊದಲ ಸಾಲಲ್ಲೇ ‘ಹಿಂದಿನ ಎಲ್ಲ ವಿಲ್‌ಗಳನ್ನೂ ರದ್ದು ಮಾಡಿದ್ದೇನೆ’ ಅಂತ ಇತ್ತು. ಮೈಸೂರಿನ ಸೈಟಿಗೆ ನನ್ನ ಹೆಂಡತಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಲ್ ರಿಜಿಸ್ಟರ್ ಮಾಡಿಸಿದ್ದಾಳೆ. ಇಲ್ಲಿ ಸಹಿ ಹಾಕಿದ ಆ ಒಂದು ಸಾಲನ್ನು ಹಿಡಿದುಕೊಂಡು ನಾಳೆ ಅಲ್ಲಿ ಯಾರಾದರೂ ತಕರಾರು ತೆಗೆಯಬಹುದು, ಅಲ್ವಾ?

ಕೊನೆಗೆ ಮಾಡಿಸಿದ್ದು ವಕೀಲರ ಹತ್ತಿರ. ಸುಮಾರು 5 ಸಾವಿರ ಡಾಲರ್. ಫೋನಿಗೆ ಬೇಗ ಸಿಗುವುದಿಲ್ಲ, ಕರಡು ಬರುವುದು ನಿಧಾನ, ಬ್ಯಾಂಕ್ ಖಾತೆಗಳನ್ನು ಟ್ರಸ್ಟ್ ಹೆಸರಿಗೆ ಬದಲಾಯಿಸುವ ಕೆಲಸ ನಮಗೇ ಬಿಟ್ಟರು. ಆದರೂ ಮೊದಲ ಭೇಟಿಯಲ್ಲೇ ಅವರು ಕೇಳಿದ ಪ್ರಶ್ನೆಗಳು ಉಳಿದ ಎರಡು ಕಡೆಯೂ ಬಂದಿರಲಿಲ್ಲ. ತಮ್ಮ ಎಲ್ಲಿದ್ದಾನೆ, ಊರಲ್ಲಿ ಏನೇನು ಆಸ್ತಿ ಇದೆ, ಮಕ್ಕಳ ಅಜ್ಜಿ ತಾತನಿಗೆ ವೀಸಾ ಇದೆಯಾ. ವೀಸಾ ಯಾಕೆ ಅಂದರೆ, ನಮಗೇನಾದರೂ ಆದ ರಾತ್ರಿ ಮೈಸೂರಿಂದ ಯಾರೂ ಬಂದು ತಲುಪಲು ಆಗುವುದಿಲ್ಲ. ಹಾಗಾಗಿ ಅಜ್ಜಿ ತಾತ ಬರುವ ತನಕ ಮಕ್ಕಳನ್ನು ನೋಡಿಕೊಳ್ಳಲು ಇಲ್ಲಿಯ ಸ್ನೇಹಿತರ ಹೆಸರನ್ನೂ ವಕೀಲರು ಬರೆಸಿದರು. ಟ್ರಸ್ಟೀ ಸಿಯಾಟಲ್‌ನ ಅಕ್ಕ ಆದಳು. ವಿಲ್‌ನಲ್ಲಿ ಭಾರತದ ಆಸ್ತಿಯ ವಿಲ್ ಬಿಟ್ಟು ಉಳಿದದ್ದು ಮಾತ್ರ ರದ್ದು ಅಂತ ತಿದ್ದಿದರು. 401ಕೆ ಮುಟ್ಟಬೇಡಿ, ಅದನ್ನು ಟ್ರಸ್ಟ್ ಹೆಸರಿಗೆ ಮಾಡಿದರೆ ಪೂರ್ತಿ ದುಡ್ಡು ತೆಗೆದ ಲೆಕ್ಕವಾಗಿ ತೆರಿಗೆ ಬೀಳುತ್ತದೆ, ನಾಮಿನಿ ಸರಿಯಿದ್ದರೆ ಸಾಕು ಅಂದರು. ಡೀಡ್ ಅವರೇ ರೆಕಾರ್ಡ್ ಮಾಡಿಸಿದರು. ಇದರಿಂದ ಮನೆಯ ಆಸ್ತಿ ತೆರಿಗೆ ಏರುವುದಿಲ್ಲ. ಸಾಲ ಕೊಟ್ಟ ಬ್ಯಾಂಕೂ ಪೂರ್ತಿ ಈಗಲೇ ಕಟ್ಟಿ ಅನ್ನುವಂತಿಲ್ಲ, 1982ರ ಕಾನೂನೇ ಅದನ್ನು ತಡೆಯುತ್ತದೆ.

ನನ್ನನ್ನು ಕೇಳಿದರೆ, ಬಾಡಿಗೆ ಮನೆ, 401ಕೆ, ಸಣ್ಣ ಉಳಿತಾಯ ಇಷ್ಟೇ ಇರುವವರಿಗೆ ಟ್ರಸ್ಟ್ ಯಾಕೆ? ನಾಮಿನಿ ಸರಿ ಮಾಡಿಕೊಂಡು ಒಂದು ವಿಲ್ ಬರೆಯಿರಿ. ಇಲ್ಲೊಂದು ಮನೆ, ಊರಲ್ಲಿ ಏನೂ ಇಲ್ಲ, ಇಬ್ಬರೂ ಅಮೆರಿಕದ ಪ್ರಜೆಗಳು ಅಂದರೆ ಆನ್‌ಲೈನ್ ನಡೆಯುತ್ತದೆ, ಡೀಡ್ ಬದಲಾಯಿಸುವ ಉಸಾಬರಿ ನೀವೇ ಹೊತ್ತುಕೊಂಡರೆ. ಎರಡು ದೇಶದಲ್ಲಿ ಕಾಲಿಟ್ಟವರು ವಕೀಲರ ಹತ್ತಿರವೇ ಹೋಗಿ. ಹೋಗುವ ಮುಂಚೆ ಸ್ಟೇಟ್ ಬಾರ್ ವೆಬ್‌ಸೈಟಿನಲ್ಲಿ ಅವರ ಹೆಸರು ಹಾಕಿ ನೋಡಿ. ಎಸ್ಟೇಟ್ ಪ್ಲಾನಿಂಗ್‌ನಲ್ಲಿ ಸರ್ಟಿಫೈಡ್ ಸ್ಪೆಷಲಿಸ್ಟ್ ಆಗಿದ್ದರೆ ಅಲ್ಲೇ ತೋರಿಸುತ್ತದೆ. ಡೀಡ್ ರೆಕಾರ್ಡ್ ಮಾಡಿಸುವುದು ಫೀಸಿನಲ್ಲಿ ಸೇರಿದೆಯಾ ಅಂತಲೂ ಮೊದಲೇ ಕೇಳಿ, ಕೆಲವರು ಅದಕ್ಕೆ ಬೇರೆ ಬಿಲ್ ಹಾಕುತ್ತಾರೆ.